ಅಕ್ಷರದ ಕುಂಟಾಬಿಲ್ಲೆ

ಹೊಳೆ ದಂಡೆಯಲ್ಲಿ ಒಂದು ಬಸದಿ, ಬಸದಿಯ ಪಕ್ಕಕ್ಕೆ ಒಂದು ಹೆಂಚಿನ ಮನೆ. ಆ ಮನೆಯಲ್ಲಿ ಪಾಯಣ್ಣ ಪಂಡಿತರು ಇದ್ದರು. ಊರವರೆಲ್ಲ ಅವರನ್ನು ಗುರುಗಳು ಅಂತಲೇ ಕರೆಯುತ್ತಿದ್ದರು. ಯಾರ ಗುರುಗಳು ಎಂದು ಕೇಳಿದರೆ ಮಾತ್ರ ತಡವರಿಸುತ್ತಿದ್ದರು. ಶಿಷ್ಯರು ಅಂತ ಇದ್ದದ್ದು ಒಬ್ಬಳೇ.

ಅವಳ ಹೆಸರು ಮರುದೇವಿ. ಓದಿನ ಹುಚ್ಚು ಹತ್ತಿಸಿಕೊಂಡು ಚಿಕ್ಕ ವಯಸ್ಸಿಗೇ ಬಂದವಳು. ಮದುವೆ ಆಗಲಿಲ್ಲ, ಮುಂದೆ ನಿಂತು ಮಾಡುವವರೂ ಇರಲಿಲ್ಲ. ಈಗ ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು.

ಬಸದಿಯ ಒಳಗೆ ದೊಡ್ಡದೊಂದು ಮರದ ಪೆಟ್ಟಿಗೆ. ಅದರ ತುಂಬ ತಾಳೆಗರಿಯ ಕಟ್ಟುಗಳು. ಹಿಂದಿನವರು ಕಬ್ಬಿಣದ ಕಂಟದಿಂದ ಗರಿಯ ಮೇಲೆ ಗೀರಿ, ಮಸಿ ಒರೆಸಿ ಬರೆದಿಟ್ಟದ್ದು. ಆ ಹಳೆಯ ಲಿಪಿ ಇವತ್ತಿನ ಕನ್ನಡ ಬಲ್ಲವರಿಗೆ ದಕ್ಕುವುದಿಲ್ಲ. ಒಂದೆರಡು ಅಕ್ಷರ ದೂರದ ನೆಂಟರ ಹಾಗೆ ಮುಖ ತೋರಿಸುತ್ತವೆ, ಆಮೇಲೆ ಕೈಕೊಡುತ್ತವೆ. ನಾನೂ ಒಮ್ಮೆ ಆ ಓಲೆಯನ್ನು ತಲೆಕೆಳಗಾಗಿ ಹಿಡಿದು, ಆಹಾ ಎಂದು ತಲೆಯಾಡಿಸಿ ಬಂದವನೇ. ಅದಿರಲಿ.

ಅದನ್ನು ಓದಬಲ್ಲವರು ಸುತ್ತಿನ ಊರುಗಳಲ್ಲಿ ಮೊದಲು ಕೆಲವರಿದ್ದರು. ಒಬ್ಬೊಬ್ಬರಾಗಿ ತೀರಿಹೋದರು. ಗುರುಗಳಿಗೆ ಕಣ್ಣು ಹೋಯಿತು. ಕೊನೆಗೆ ಉಳಿದವಳು ಮರುದೇವಿ ಒಬ್ಬಳು.

ಸಂಜೆ ಹೊತ್ತು ಅವಳು ಜಗಲಿಯ ಮೇಲೆ ಕೂತು ಓದುತ್ತಿದ್ದಳು. ಗುರುಗಳು ಗೋಡೆಗೆ ಒರಗಿ ಕೇಳುತ್ತಿದ್ದರು. ಎಲ್ಲಾದರೂ ತಪ್ಪಿದರೆ ಮಾತಾಡದೆ ಒಂದು ಬೆರಳು ಎತ್ತುತ್ತಿದ್ದರು. ಅವಳು ಹಿಂದಕ್ಕೆ ಹೋಗಿ ತಿದ್ದಿ ಓದುತ್ತಿದ್ದಳು.

ಒಂದು ಸಂಜೆ ಅವಳು ಬೇಕೆಂದೇ ತಪ್ಪು ಓದಿದಳು. ಬೆರಳು ಏಳಲಿಲ್ಲ. ಇನ್ನೊಮ್ಮೆ ಓದಿದಳು, ಈ ಸಲ ಇನ್ನೂ ದೊಡ್ಡ ತಪ್ಪು. ಬೆರಳು ಏಳಲಿಲ್ಲ. ಗುರುಗಳು ನಿದ್ದೆ ಹೋಗಿದ್ದರು.

ಅವಳು ಓಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತಳು. ಅವರು ಎಚ್ಚರಾಗುವ ತನಕ ಕಾದು ಕೇಳಿದಳು.

"ಗುರುಗಳೇ, ನೀವು ಹೋದ ಮೇಲೆ ನಾನು ತಪ್ಪು ಓದಿದರೆ ಯಾರು ಹೇಳುತ್ತಾರೆ?"

"ಯಾರೂ ಹೇಳುವುದಿಲ್ಲ."

"ಸರಿಯಾಗಿ ಓದಿದರೆ?"

"ಆಗಲೂ ಯಾರೂ ಹೇಳುವುದಿಲ್ಲ."

ಸಾವಿನ ಭಯ ಎಲ್ಲರಿಗೂ ಇರುತ್ತದೆ, ಅವಳಿಗೆ ಇದ್ದದ್ದು ಬದುಕಿ ಉಳಿಯುವ ಭಯ. ಒಂದು ಪೆಟ್ಟಿಗೆ ತುಂಬ ಮಾತು ಇಟ್ಟುಕೊಂಡು, ಹೌದು ಅನ್ನುವವರೂ ಅಲ್ಲ ಅನ್ನುವವರೂ ಇಲ್ಲದೆ ಕೂತಿರುವುದು ಹೇಗೆ? ಇನ್ನೊಬ್ಬರು ಬೇಕಿತ್ತು ಅವಳಿಗೆ. ಹತ್ತು ಜನ ಬೇಡ, ಒಬ್ಬರು ಸಾಕಿತ್ತು.

ಊರಲ್ಲಿ ಮಕ್ಕಳಿಗೇನು ಕಮ್ಮಿಯೇ? ಹಿಂದೆ ಗುರುಗಳು ಕಲಿಸಲು ನೋಡಿದ್ದರು. ಅವರ ಕಲಿಸುವಿಕೆ ಅಂದರೆ ಹಳೆಯ ಕಾಲದ್ದು. ಮರಳು ಹರಡಿ ಒಂದು ಅಕ್ಷರ ಬರೆದುಕೊಟ್ಟು, ಇದರ ಮೇಲೆ ಬೆರಳು ಆಡಿಸುತ್ತಿರು ಅನ್ನುವುದು. ಸಾಕು ಅನ್ನುವ ತನಕ ಅದೇ ಅಕ್ಷರ. ಗುರುಗಳು ಸಾಕು ಅನ್ನುತ್ತಲೇ ಇರಲಿಲ್ಲ. ಮಕ್ಕಳು ನೀರು ಕುಡಿದು ಬರುತ್ತೇವೆ ಎಂದು ಎದ್ದು ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮರುದೇವಿಗೆ ಒಂದು ಉಪಾಯ ಹೊಳೆಯಿತು. ಗುರುಗಳ ಹತ್ತಿರ ಹೋಗಿ, ಮಕ್ಕಳಿಗೆ ಆಟ ಆಡಿಸಿ ಕಲಿಸುತ್ತೇನೆ, ಅಪ್ಪಣೆ ಕೊಡಿ ಎಂದಳು.

"ಆಡಿಸು," ಎಂದರು ಗುರುಗಳು.

ಅಷ್ಟು ಸಲೀಸಾಗಿ ಒಪ್ಪುತ್ತಾರೆಂದು ಅವಳು ಎಣಿಸಿರಲಿಲ್ಲ. ಶಾಸ್ತ್ರದ ಅಕ್ಷರವನ್ನು ಆಟಕ್ಕಿಟ್ಟರೆ ನಿಮಗೆ ಸಿಟ್ಟಿಲ್ಲವೇ ಎಂದು ಕೇಳಿದಳು.

"ಆಡುವವರನ್ನು ಕಂಡರೆ ನನಗೆ ಸಿಟ್ಟಿಲ್ಲ. ಆಡಿಸುವವರನ್ನು ಕಂಡರೆ ಸ್ವಲ್ಪ ಅನುಮಾನ."

ಅವಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಖುಷಿಯಲ್ಲಿದ್ದಳು.

ಮರುದಿನ ಬೆಳಿಗ್ಗೆ ಅಂಗಳ ಗುಡಿಸಿ, ಸಾರಿಸಿ, ರಂಗೋಲಿ ಪುಡಿಯಲ್ಲಿ ದೊಡ್ಡ ಕುಂಟಾಬಿಲ್ಲೆ ಬರೆದಳು. ಒಂದೊಂದು ಮನೆಯಲ್ಲಿ ಒಂದೊಂದು ಹಳೆಯ ಅಕ್ಷರ. ಬಿಲ್ಲೆ ಎಸೆಯಬೇಕು, ಅದು ಬಿದ್ದ ಮನೆಯ ಅಕ್ಷರವನ್ನು ಕೂಗಿ ಹೇಳಬೇಕು, ಕುಂಟುತ್ತಾ ಹೋಗಿ ಬಿಲ್ಲೆ ಎತ್ತಿಕೊಂಡು ಬರಬೇಕು. ತಪ್ಪು ಹೇಳಿದರೆ ಔಟು. ಗೆದ್ದವರಿಗೆ ಎಳ್ಳುಂಡೆ.

ಮೊದಲು ಇಬ್ಬರು ಬಂದರು, ಆಮೇಲೆ ಕೇರಿಗೆ ಕೇರಿಯೇ ಬಂತು. ಶಾಲೆ ಬಿಟ್ಟ ಕೂಡಲೇ ಚೀಲ ಬಿಸಾಕಿ ಓಡಿ ಬರುತ್ತಿದ್ದರು. ಅಂಗಳದಲ್ಲಿ ಕುಂಟುವ ಸದ್ದು, ಕೂಗುವ ಸದ್ದು, ಜಗಳದ ಸದ್ದು. ಅವರಲ್ಲಿ ತ್ರಿಶಲಾ ಅನ್ನುವ ಹುಡುಗಿ ಎಲ್ಲರಿಗಿಂತ ಚುರುಕು. ಬಿಲ್ಲೆ ನೆಲಕ್ಕೆ ತಾಗುವ ಮೊದಲೇ ಅಕ್ಷರ ಹೇಳಿಬಿಡುತ್ತಿದ್ದಳು. ಅವಳ ಲಂಗದ ಜೇಬಿನಲ್ಲಿ ಯಾವಾಗಲೂ ಎಳ್ಳುಂಡೆ ಇರುತ್ತಿತ್ತು.

ಮರುದೇವಿ ನಕ್ಕದ್ದನ್ನು ಊರವರು ಆಗ ಮೊದಲ ಸಲ ನೋಡಿದರು. ಆ ಮನೆಯ ಅಂಗಳ ಎಷ್ಟು ವರ್ಷದಿಂದ ಸುಮ್ಮನಿತ್ತು ಅನ್ನುವುದು ಗದ್ದಲವಾದ ಮೇಲೆಯೇ ಅವಳಿಗೂ ಗೊತ್ತಾದದ್ದು. ಪ್ರತಿದಿನ ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಕುಂಟಾಬಿಲ್ಲೆ ಬರೆಯುವುದು. ಒಂದು ಗೆರೆ ಅತ್ತಿತ್ತ ಆಗದಂತೆ, ಅದೇ ಜಾಗದಲ್ಲಿ ಅದೇ ಅಕ್ಷರ. ಅಚ್ಚುಕಟ್ಟು ಹೆಂಗಸು.

ಗುರುಗಳು ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು.

ಶ್ರುತಪಂಚಮಿ ಬಂತು. ಪೆಟ್ಟಿಗೆಯ ಓಲೆಗಳನ್ನೆಲ್ಲ ಹೊರಗೆ ತೆಗೆದು, ಧೂಳು ಒರೆಸಿ, ಹೊಸ ಬಟ್ಟೆ ಸುತ್ತಿ ಪೂಜೆ ಮಾಡುವ ದಿನ. ಆ ಬಸದಿಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಪೂಜೆಯ ಮೊದಲು ಊರಿನ ಮಗುವೊಂದು ಮೊದಲ ಓಲೆಯನ್ನು ಗಟ್ಟಿಯಾಗಿ ಓದಬೇಕು. ಓದುವ ಮಗುವೇ ಇಲ್ಲದಿದ್ದಾಗ ಪದ್ಧತಿ ಎಲ್ಲಿಂದ ಬರಬೇಕು? ಬಹಳ ಕಾಲದಿಂದ ಮರುದೇವಿಯೇ ಮಗುವಿನ ಜಾಗದಲ್ಲಿ ಕೂತು ಓದುತ್ತಿದ್ದಳು. ನರೆತ ಮಗು.

ಈ ವರ್ಷ ತ್ರಿಶಲಾ ಓದುತ್ತಾಳೆ ಎಂದು ಅವಳು ಎಲ್ಲರಿಗೂ ಹೇಳಿಬಿಟ್ಟಿದ್ದಳು.

ಬಸದಿ ತುಂಬ ಜನ. ತ್ರಿಶಲಾ ಹೊಸ ಬಟ್ಟೆ ಹಾಕಿಕೊಂಡು, ಎಣ್ಣೆ ಹಚ್ಚಿ ಜಡೆ ಹೆಣೆಸಿಕೊಂಡು ಬಂದು ಚಕ್ಕಳಮಕ್ಕಳ ಹಾಕಿ ಕೂತಳು. ಮರುದೇವಿ ಓಲೆಯನ್ನು ಅವಳ ಕೈಗಿಟ್ಟಳು.

ಹುಡುಗಿ ಓಲೆ ನೋಡಿದಳು. ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು. ಹಿಂಬದಿಯನ್ನೂ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅಕ್ಕಾ, ಇದರಲ್ಲಿ ಮನೆಗಳು ಎಲ್ಲಿವೆ?"

ಮರುದೇವಿಗೆ ಆ ಕ್ಷಣದಲ್ಲೇ ಎಲ್ಲ ಅರ್ಥವಾಯಿತು. ಮಕ್ಕಳು ಕಲಿತದ್ದು ಅಂಗಳದ ಮನೆಗಳನ್ನು. ಎಡಗಡೆಯ ತುದಿಮನೆ ಕ, ಅದರ ಮುಂದಿನದು ಗ, ತುಳಸಿಕಟ್ಟೆಯ ಹತ್ತಿರದ್ದು ಮ. ಅಕ್ಷರದ ಮುಖವನ್ನು ಯಾರೂ ನೋಡಿರಲೇ ಇಲ್ಲ. ನೋಡುವ ಅಗತ್ಯವೇ ಬೀಳದ ಹಾಗೆ ಅವಳು ದಿನಾ ಅಷ್ಟು ಅಚ್ಚುಕಟ್ಟಾಗಿ ಬರೆದಿಟ್ಟಿದ್ದಳು.

ಜನ ನಕ್ಕರು. ಕೆಟ್ಟ ನಗುವೇನಲ್ಲ, ಮಗುವಿನ ಮಾತಿಗೆ ದೊಡ್ಡವರು ನಗುವ ನಗು. ತ್ರಿಶಲಾ ಅಳುತ್ತಾ ಎದ್ದುಹೋಗಿ ತಾಯಿಯ ಸೆರಗು ಹಿಡಿದಳು. ಮರುದೇವಿ ಆ ಜಾಗದಲ್ಲಿ ಕೂತು ಎಂದಿನಂತೆ ತಾನೇ ಓದಿದಳು. ನಡುವೆ ಎರಡು ಕಡೆ ತಪ್ಪಿತು. ಗುರುಗಳು ಮನೆಯಲ್ಲೇ ಉಳಿದಿದ್ದರು, ಬೇರೆ ಯಾರಿಗೂ ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ಗುರುಗಳ ಮುಂದೆ ಕೂತಳು.

"ನನ್ನ ಆಟ ಸೋತಿತು."

"ಮಕ್ಕಳು ಗೆದ್ದರಲ್ಲ."

"ಏನು ಗೆದ್ದರು?"

"ಎಳ್ಳುಂಡೆ."

ಅವಳಿಗೆ ನಗು ಬರಲಿಲ್ಲ. ನೀವಾದರೂ ಮಕ್ಕಳಿಗೆ ಒಂದು ಮಾತು ಹೇಳಿ ಎಂದು ಬೇಡಿಕೊಂಡಳು. ಈ ಲಿಪಿ ಎಷ್ಟು ಹಳೆಯದು, ಇದರಲ್ಲಿ ಏನೇನಿದೆ, ಇದನ್ನು ಉಳಿಸುವುದು ಎಷ್ಟು ದೊಡ್ಡ ಕೆಲಸ ಅನ್ನುವುದು ನಿಮ್ಮ ಬಾಯಿಂದ ಬಂದರೆ ನಾಟುತ್ತದೆ ಎಂದಳು. ಗುರುಗಳು ಆಗಲಿ ಎಂದರು.

ಮರುದಿನ ಮಕ್ಕಳು ಜಗಲಿಯ ಕೆಳಗೆ ಸಾಲಾಗಿ ಕೂತರು. ಬುದ್ಧಿಮಾತು ಕೇಳಬೇಕು ಅನ್ನುವ ಸಂಕಟ ಒಬ್ಬೊಬ್ಬರ ಮುಖದಲ್ಲೂ ಇತ್ತು. ಕೊನೆಗೆ ಉಂಡೆ ಸಿಗಬಹುದು ಅನ್ನುವ ಆಸೆಯೂ ಇತ್ತು.

ಗುರುಗಳು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಮಕ್ಕಳೇ, ಈ ಅಕ್ಷರ ನಿಮ್ಮ ಅಪ್ಪನಿಗೆ ಓದಲು ಬರುವುದಿಲ್ಲ. ನಿಮ್ಮ ಅಮ್ಮನಿಗೂ ಬರುವುದಿಲ್ಲ."

ಅಷ್ಟೇ ಹೇಳಿ ಗೋಡೆಗೆ ಒರಗಿದರು.

ಮಕ್ಕಳು ಮುಖ ಮುಖ ನೋಡಿಕೊಂಡರು. ಭರತೇಶ ಅನ್ನುವ ಹುಡುಗ ಮೆಲ್ಲಗೆ ಕೈ ಎತ್ತಿದ. ಗುರುಗಳಿಗೆ ಕಾಣುವುದಿಲ್ಲ ಎಂದು ನೆನಪಾಗಿ ಕೈ ಇಳಿಸಿ ಬಾಯಿಬಿಟ್ಟು ಕೇಳಿದ.

"ನಮ್ಮ ಮೇಷ್ಟ್ರಿಗೆ?"

"ಬರುವುದಿಲ್ಲ."

"ಹೆಡ್ ಮೇಷ್ಟ್ರಿಗೆ?"

"ಅವರಿಗೂ ಇಲ್ಲ."

"ಮತ್ತೆ ಯಾರಿಗೆ ಬರುತ್ತದೆ?"

"ನನಗೆ ಬರುತ್ತಿತ್ತು, ಈಗ ಕಣ್ಣಿಲ್ಲ. ಇನ್ನು ಇವಳೊಬ್ಬಳೇ."

ಮಕ್ಕಳೆಲ್ಲ ಒಟ್ಟಿಗೆ ತಿರುಗಿ ಮರುದೇವಿಯನ್ನು ನೋಡಿದರು. ಬಾಯಿ ತೆರೆದುಕೊಂಡು ಬಹಳ ಹೊತ್ತು ನೋಡಿದರು. ಅವಳಿಗೆ ಆ ನೋಟ ತಡೆಯಲಾಗಲಿಲ್ಲ, ಒಳಗೆ ಹೋಗಿಬಿಟ್ಟಳು.

ಮಕ್ಕಳು ಹೋದ ಮೇಲೆ ಅವಳು ಗುರುಗಳ ಮೇಲೆ ರೇಗಿದಳು. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ನಾನು ಹೇಳಿ ಅಂದದ್ದೇನು, ನೀವು ಹೇಳಿದ್ದೇನು, ನಾನು ಯಾವುದಕ್ಕೆ ಹೆದರಿ ಹಗಲೂ ರಾತ್ರಿ ಒದ್ದಾಡುತ್ತಿದ್ದೇನೋ ಅದನ್ನೇ ಮಕ್ಕಳ ಮುಂದೆ ಬಿಚ್ಚಿಟ್ಟಿರಲ್ಲ ಎಂದಳು. ಯಾರಿಗೂ ಬಾರದ ಅಕ್ಷರವನ್ನು ಯಾವ ಮಗು ಕಲಿಯುತ್ತದೆ ಎಂದೂ ಕೇಳಿದಳು.

"ನಾನು ಸುಳ್ಳು ಹೇಳಿದೆನೇ?" ಎಂದರು ಗುರುಗಳು.

ಅವಳು ಎದ್ದು ಒಳಗೆ ಹೋದಳು.

ಆಮೇಲೆ ಅವಳು ತನ್ನ ಆಟವನ್ನು ತಿದ್ದಿದಳು. ದಿನಕ್ಕೊಂದು ಕಡೆ ಅಕ್ಷರ ಬದಲಿಸಿ ಬರೆದಳು. ಉಂಡೆಯ ಗಾತ್ರ ಹೆಚ್ಚಿಸಿದಳು. ಮಕ್ಕಳು ಈಗ ಬಗ್ಗಿ ಅಕ್ಷರದ ಮುಖ ನೋಡಿ ನೋಡಿ ಹೇಳುತ್ತಿದ್ದರು. ಆದರೆ ಮೊದಲಿನ ಗದ್ದಲ ಇರಲಿಲ್ಲ. ಏನೋ ಗುಸುಗುಸು. ಅವಳು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು.

ನಡುವೆ ತ್ರಿಶಲಾ ಒಬ್ಬಳೇ ಬಂದು, ಮೂ ಹೇಗೆ ಬರೆಯುವುದು ಅಕ್ಕಾ ಎಂದು ಕೇಳಿದಳು. ಯಾಕೆ ಅಂದರೆ ಸುಮ್ಮನೆ ಎಂದಳು. ಮರುದೇವಿ ತೋರಿಸಿಕೊಟ್ಟಳು. ಸ್ವಲ್ಪ ಹೊತ್ತಿಗೆ ಭರತೇಶ ಬಂದು, ಗು ಹೇಗೆ ಬರೆಯುವುದು ಎಂದು ಕೇಳಿದ. ಅವನೂ ಸುಮ್ಮನೆ ಅಂದ. ಅವನಿಗೂ ತೋರಿಸಿಕೊಟ್ಟಳು. ನಾನಾಗಿದ್ದರೆ ಆಗಲೇ ನನ್ನ ಮೂಗು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ದುಃಖದಲ್ಲಿದ್ದವರಿಗೆ ಇಂಥದ್ದೆಲ್ಲ ಎಲ್ಲಿ ಹೊಳೆಯಬೇಕು?

ಹೀಗೇ ಒಬ್ಬೊಬ್ಬರು ಬಂದು ಒಂದೊಂದು ಅಕ್ಷರ, ಒಂದೊಂದು ಒತ್ತು ಕೇಳಿಕೊಂಡು ಹೋದರು. ಇಬ್ಬರು ಒಟ್ಟಿಗೆ ಬರುತ್ತಿರಲಿಲ್ಲ. ಕೇಳಬೇಕಾದದ್ದೆಲ್ಲ ಮುಗಿಯಿತೋ ಏನೋ, ಒಂದು ದಿನ ಯಾರೂ ಬರಲಿಲ್ಲ.

ಮರುದಿನವೂ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಅವಳು ಬೆಳಿಗ್ಗೆ ಕುಂಟಾಬಿಲ್ಲೆ ಬರೆಯುತ್ತಿದ್ದಳು, ಸಂಜೆ ಅದು ಬರೆದ ಹಾಗೇ ಇರುತ್ತಿತ್ತು. ಒಂದು ಹೆಜ್ಜೆಯ ಗುರುತೂ ಇಲ್ಲ. ಡಬ್ಬಿಯ ಉಂಡೆಗೆ ಇರುವೆ ಹತ್ತಿತು. ಶಾಲೆ ಬಿಡುವ ಹೊತ್ತಿಗೆ ಅವಳು ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದಳು. ಮಕ್ಕಳು ಬಸದಿಯ ಹಿಂದಿನಿಂದ ಹಾದು ಹೊಳೆಯ ಕಡೆ ಓಡುವುದು ಕಾಣುತ್ತಿತ್ತು. ಒಬ್ಬರೂ ಇತ್ತ ತಿರುಗಿ ನೋಡುತ್ತಿರಲಿಲ್ಲ.

ಮೊದಲು ಯಾರೂ ಬರುತ್ತಿರಲಿಲ್ಲ, ಅದು ಅವಳಿಗೆ ಅಭ್ಯಾಸವಾಗಿತ್ತು. ಬಂದು ಹೋದ ಮೇಲೆ ಅದೇ ಅಂಗಳವನ್ನು ನೋಡಲು ಆಗುತ್ತಿರಲಿಲ್ಲ. ಕೊನೆಗೆ ಒಂದು ಸಂಜೆ ಪೊರಕೆ ತೆಗೆದುಕೊಂಡು ಮನೆಗಳನ್ನೆಲ್ಲ ಗುಡಿಸಿಹಾಕಿದಳು.

ಗುಡಿಸಿ ಬಂದು ಗುರುಗಳಿಗೆ ಹೇಳಿದಳು. ಓಲೆಗಳನ್ನೆಲ್ಲ ಕಟ್ಟಿ ಇಟ್ಟಾಗಿದೆ. ನಾಳೆ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಕೈಯನ್ನು ಬಸದಿಯವರ ಕೈಗೆ ಕೊಡುತ್ತೇನೆ. ನಿಮ್ಮ ಊಟ ಉಪಚಾರಕ್ಕೆ ನಾನಿದ್ದೇನೆ, ಅದರಲ್ಲಿ ಕೊರತೆ ಮಾಡುವುದಿಲ್ಲ. ಓದು ಮಾತ್ರ ಇನ್ನು ಬೇಡ.

"ಕೇಳುವವರಿಲ್ಲದ ಮಾತನ್ನು ಓದಿ ಓದಿ ನನಗೆ ನನ್ನ ದನಿಯೇ ಸಾಕಾಗಿದೆ ಗುರುಗಳೇ."

ಗುರುಗಳು ಹೊಳೆಯ ಕಡೆಗೆ ಕಿವಿ ಕೊಟ್ಟರು.

"ಒಂದು ಕೊಡ ನೀರು ತಾ," ಎಂದರು.

ಮನೆಯಲ್ಲಿ ಹಂಡೆ ತುಂಬ ನೀರಿದೆ ಎಂದಳು ಅವಳು.

"ಅದು ಬೇಡ. ಹೊಳೆಯಿಂದ ತಾ. ಸದ್ದು ಮಾಡದೆ ಹೋಗು."

ಮುದುಕರ ಹಟಕ್ಕೆ ಮದ್ದುಂಟೇ ಎಂದು ಗೊಣಗಿಕೊಂಡು ಅವಳು ಕೊಡ ಎತ್ತಿಕೊಂಡಳು. ಬರಿಗಾಲಲ್ಲೇ ದಂಡೆ ಇಳಿದಳು.

ಹೊಳೆ ಇನ್ನೂ ತುಂಬಿರಲಿಲ್ಲ. ಮರಳದಿಣ್ಣೆಯ ಆಚೆ ಮಕ್ಕಳೆಲ್ಲ ಇದ್ದರು. ಕೂಗಾಟವಿಲ್ಲ, ಓಡಾಟವಿಲ್ಲ. ಎರಡು ಪಂಗಡವಾಗಿ ದೂರ ದೂರ ಕೂತು, ತಲೆಗೆ ತಲೆ ತಾಗಿಸಿ, ಬಗ್ಗಿ ಏನೋ ಮಾಡುತ್ತಿದ್ದರು. ಒಂದು ಪಂಗಡದವರು ಎದ್ದು ಹಿಂದೆ ಸರಿದರೆ ಇನ್ನೊಂದು ಪಂಗಡದವರು ಓಡಿ ಬಂದು ಆ ಜಾಗದಲ್ಲಿ ಬಗ್ಗುತ್ತಿದ್ದರು. ಸ್ವಲ್ಪ ಹೊತ್ತು ತಡವರಿಸುವುದು, ಆಮೇಲೆ ಒಮ್ಮೆಲೇ ಬಿದ್ದು ಬಿದ್ದು ನಗುವುದು.

ಅವಳು ಇನ್ನೆರಡು ಹೆಜ್ಜೆ ಮುಂದೆ ಹೋದಳು. ಮರಳಿನ ಮೇಲೆ ಉದ್ದಕ್ಕೆ ಗೀಚಿದ್ದು ಕಂಡಿತು. ಸಾಲಾಗಿ, ಒತ್ತೊತ್ತಾಗಿ, ಓಲೆಯಲ್ಲಿರುವ ಹಾಗೆಯೇ.

ಅಷ್ಟರಲ್ಲಿ ತ್ರಿಶಲಾ ತಲೆಯೆತ್ತಿದಳು.

"ಅಕ್ಕ ಬಂದಳು, ಓದಿಬಿಡ್ತಾಳೆ, ಅಳಿಸ್ರೋ!"

ಎಲ್ಲರೂ ಒಟ್ಟಿಗೆ ಮರಳಿನ ಮೇಲೆ ಬಿದ್ದರು. ಕೈಯಲ್ಲಿ ಒರೆಸಿದರು, ಕಾಲಲ್ಲಿ ಕೆದರಿದರು. ಭರತೇಶ ಬೇರೇನೂ ತೋಚದೆ ಅದರ ಮೇಲೆ ಮಲಗಿ ಹೊರಳಾಡಿದ. ಮರುದೇವಿ ಹತ್ತಿರ ಬರುವ ಹೊತ್ತಿಗೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು, ಮೈಯೆಲ್ಲ ಮರಳು, ಮುಖದಲ್ಲಿ ಏನೂ ಅರಿಯದವರ ಗಾಂಭೀರ್ಯ.

ಏನು ಬರೆದಿದ್ದಿರಿ ಎಂದು ಕೇಳಿದಳು. ಏನಿಲ್ಲ ಅಕ್ಕಾ ಎಂದರು. ಒಬ್ಬ ನಗು ತಡೆಯಲಾರದೆ ಅಂಗಿಯ ತುದಿಯನ್ನು ಬಾಯಿಗೆ ತುರುಕಿಕೊಂಡ. ಅವಳು ನೋಡುತ್ತಿದ್ದಂತೆ ಅವರು ಒಬ್ಬರನ್ನೊಬ್ಬರು ತಳ್ಳಿಕೊಂಡು ದಂಡೆಯ ಉದ್ದಕ್ಕೂ ಓಡಿಹೋದರು.

ಅವಳು ಕೆದರಿದ ಮರಳಿನ ಮುಂದೆ ಒಬ್ಬಳೇ ನಿಂತಳು. ಬಗ್ಗಿ ಹುಡುಕಿದಳು. ಏನೂ ಉಳಿದಿರಲಿಲ್ಲ.

ನೀರು ತುಂಬಿಸುವುದನ್ನು ಮರೆತು ಖಾಲಿ ಕೊಡದೊಂದಿಗೆ ಮನೆಗೆ ಬಂದಳು. ಗುರುಗಳು ಜಗಲಿಯ ತುದಿಗೆ ಬಂದು ಕೂತಿದ್ದರು. ಅವರ ಕಾಲ ಬಳಿ ಕುಸಿದು ಅಳತೊಡಗಿದಳು. ಕಲಿತಿದ್ದಾರೆ ಗುರುಗಳೇ ಎಂದಳು. ಸಾಲು ಸಾಲು ಬರೆಯುತ್ತಾರೆ, ಒಬ್ಬರು ಬರೆದದ್ದನ್ನು ಒಬ್ಬರು ಓದಿ ನಗುತ್ತಾರೆ. ನನ್ನನ್ನು ಮಾತ್ರ ಸೇರಿಸಿಕೊಳ್ಳುವುದಿಲ್ಲ.

"ನನ್ನನ್ನು ಕಂಡ ಕೂಡಲೇ ಅಳಿಸಿಬಿಟ್ಟರು."

"ಪೂರ್ತಿಯೋ?"

"ಒಂದಕ್ಷರ ಬಿಡಲಿಲ್ಲ. ಒಬ್ಬನಂತೂ ಅದರ ಮೇಲೆ ಮಲಗಿ ಹೊರಳಾಡಿದ."

ಗುರುಗಳು ಹೊಳೆಯ ಕಡೆ ಮುಖ ಮಾಡಿದರು. ದೂರದಲ್ಲಿ ಮಕ್ಕಳ ನಗು ಇನ್ನೂ ಕೇಳುತ್ತಿತ್ತು. ಕೈ ಚಾಚಿ ಅವಳ ತಲೆಯನ್ನು ಹುಡುಕಿ, ಅದರ ಮೇಲೆ ಅಂಗೈ ಇಟ್ಟರು.

"ಈ ದಂಡೆಯ ಮೇಲೆ ನಾನು ಒಂದು ಆಯುಷ್ಯ ಓಡಾಡಿದೆ ಮರುದೇವಿ. ನನ್ನನ್ನು ಕಂಡು ಯಾರೂ ಒಂದಕ್ಷರ ಅಳಿಸಲಿಲ್ಲ."